ಮ್ಯಾಗ ಅಂದರೆ ಮಾಗೆ

ಚನ್ನವೀರನಿಗೆ ಸಿಟ್ಟು ಬಂದಿತ್ತು. ಇದೇನೂ ಸುದ್ದಿಯಲ್ಲ. ಚನ್ನವೀರನಿಗೆ ಸಿಟ್ಟು ಬಾರದಿದ್ದ ದಿನ ಯಾವುದೆಂದು ಅವನ ಚಿಗವ್ವ ಶಿವಗಂಗವ್ವನನ್ನು ಕೇಳಿದರೆ, "ಹುಟ್ಟೂಕಿಂತ ಒಂದ್ ದಿನ ಮೊದಲ" ಎನ್ನುತ್ತಿದ್ದಳು. ಆದರೆ ಆ ಭಾನುವಾರದ ಸಿಟ್ಟಿಗೆ ಒಂದು ಕಾಗದವಿತ್ತು, ಕಾಗದಕ್ಕೆ ಎರಡು ಸಹಿ ಇದ್ದವು, ಸಹಿಗಳ ಮೇಲೆ ನೇರಳೆ ಬಣ್ಣದ ಒಂದು ರಬ್ಬರ್ ಸ್ಟ್ಯಾಂಪು ಕೂತಿತ್ತು.

ಪುಣೆಯ ಸದಾಶಿವ ಪೇಠದಲ್ಲಿ ಹಳೇ ವಾಡೆಯೊಂದನ್ನು ಕೆಡವಿ ಕಟ್ಟಿದ ನಾಲ್ಕಂತಸ್ತಿನ ವಸತಿ ಕಟ್ಟಡ, ಸಹಜೀವನ ಸೊಸಾಯಟಿ. ಅದರ ಗೇಟಿಗೆ ಅಂಟಿಕೊಂಡ ಪುಟ್ಟ ಮಳಿಗೆಯಲ್ಲಿ ಚಿಗವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು, ಚನ್ನವೀರ ಬಡಿಸುತ್ತಿದ್ದ. ಸುತ್ತಲಿನ ಕೋಚಿಂಗ್ ಕ್ಲಾಸುಗಳ ಹುಡುಗರು ಮಧ್ಯಾಹ್ನ ಸಾಲುಗಟ್ಟಿ ನಿಂತು ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ತಿಂದು ಹೋಗುತ್ತಿದ್ದರು. ಹೀಗಿರುವಾಗ ಸೊಸಾಯಟಿಯವರಿಗೆ ದಿಢೀರನೆ ತಮಗೊಂದು ಆಫೀಸು ಬೇಕೆಂದು ಹೊಳೆಯಿತು. ಆಫೀಸೆಂದರೆ ಒಂದು ಮೇಜು, ಮೂರು ಕುರ್ಚಿ ಮತ್ತು ಜಗಳ. ಅಷ್ಟಕ್ಕೆ ಚನ್ನವೀರನ ಮಳಿಗೆಯೇ ಸರಿಯಾದ ಅಳತೆ. ಒಂದು ತಿಂಗಳಲ್ಲಿ ಖಾಲಿ ಮಾಡಬೇಕೆಂದು ಕಾಗದ ಹೇಳುತ್ತಿತ್ತು.

"ಹೋಗಿ ಕೈ ಮುಗದು ಕೇಳಪಾ" ಎಂದಳು ಚಿಗವ್ವ. "ಬಾಯಿ ಮಾಡಬ್ಯಾಡ."

"ಕೈ ಮುಗಿಯೂದೇನ, ಕಾಲ ಮುರದು ಬರ್ತೀನಿ" ಎಂದು ಚನ್ನವೀರ ಮೆಟ್ಟಿಲು ಹತ್ತಿದ.

ಮೇಲೆ ಅಧ್ಯಕ್ಷ ಅವಧೂತರಾವ್ ಅವರ ಮನೆಯಲ್ಲಿ ಕಮಿಟಿ ನೆರೆದಿತ್ತು. ಅವಧೂತರಾವ್ ಅವರ ಜೀವನದಲ್ಲಿ ಒಂದೇ ಒಂದು ಗಾಯವಿತ್ತು. ಅದನ್ನು ಅವರು ಗೋಡೆಗೆ ತೂಗುಹಾಕಿದ್ದರು. ಪುಣೆಯ ಸೊಸಾಯಟಿಗಳ ನಡುವೆ ಪ್ರತಿ ವರ್ಷ ನಡೆಯುವ ಬಾಸ್ಕೆಟ್‌ಬಾಲ್ ಪಂದ್ಯಾವಳಿಯಲ್ಲಿ ಸಹಜೀವನದವರು ಸತತ ಐದು ಸಲ ಎರಡನೇ ಸ್ಥಾನ ಪಡೆದಿದ್ದರು. ಐದು ಸಲವೂ ಮಗರಪಟ್ಟಾದ ಟವರಿನವರು ಕಪ್ ಎತ್ತಿಕೊಂಡು ಹೋಗಿದ್ದರು. ಗೋಡೆಯ ಮೇಲೆ ಐದು ಚಿಕ್ಕ ಫಲಕಗಳು ಐದು ಮೊಳೆಗಳಂತೆ ಕಾಣುತ್ತಿದ್ದವು.

"ಎಷ್ಟು ಕಲಿತಿದ್ದೀ?" ಎಂದು ಅವಧೂತರಾವ್ ಮರಾಠಿಯಲ್ಲಿ ಕೇಳಿದರು. ಮಳಿಗೆಗೂ ಈ ಪ್ರಶ್ನೆಗೂ ಏನು ಸಂಬಂಧವೆಂದು ಕೇಳಬೇಡಿ. ಕಲಿತವರು ಮೊದಲು ಕೇಳುವುದು ಇದನ್ನೇ, ಬಾಯಾರಿದವ ನೀರು ಕೇಳಿದರೂ ಇದನ್ನೇ.

"ಏಳನೇ ಇಯತ್ತೆ" ಎಂದ ಚನ್ನವೀರ. ಸುತ್ತ ಕೂತವರಲ್ಲಿ ಒಬ್ಬರು ಇಂಜಿನಿಯರು, ಒಬ್ಬರು ಸಿಎ, ಇನ್ನೊಬ್ಬರು ಎರಡು ಎಂ.ಎ. ಮಾಡಿ ಮೂರನೆಯದಕ್ಕೆ ಕಟ್ಟಿದವರು. ಮೂವರೂ ಒಟ್ಟಿಗೆ 'ಅಯ್ಯೋ' ಎಂಬಂತೆ ಚಹಾ ಹೀರಿದರು.

"ಅಂಗಡಿಗೂ ಮೊದಲು ಏನು ಮಾಡುತ್ತಿದ್ದೆ?"

ನಿಜ ಹೇಳಬೇಕೆಂದರೆ ಚನ್ನವೀರ ಏಳು ವರ್ಷ ಮಾರ್ಕೆಟ್ ಯಾರ್ಡಿನಲ್ಲಿ ಲಾರಿಗಳಿಂದ ತರಕಾರಿ ಬುಟ್ಟಿ ಇಳಿಸಿದ್ದ. ನಾಚಿಕೆಪಡುವ ಕೆಲಸವೇನಲ್ಲ. ಆದರೆ ಎರಡೂವರೆ ಎಂ.ಎ.ಗಳ ಮುಂದೆ 'ಬುಟ್ಟಿ' ಎನ್ನಲು ಅವನಿಗೆ ಮನಸ್ಸು ಬರಲಿಲ್ಲ. ಅವನು ಎದೆ ಉಬ್ಬಿಸಿ ಇಂಗ್ಲಿಷಿಗೆ ಹಾರಿದ.

"ಬಾಸ್ಕೆಟ್ ಲೈನ್. ಸೆವೆನ್ ಇಯರ್ಸ್."

ಚಹಾದ ಕಪ್ಪು ಅವಧೂತರಾವ್ ಅವರ ತುಟಿಯ ಹತ್ತಿರ ಬಂದು ನಿಂತಿತು.

"ಬಾಸ್ಕೆಟ್?"

"ಹೌದ್ರಿ."

"ಯಾವ ಜಾಗದಲ್ಲಿ?"

"ಮೊದಲ ಎರಡು ವರ್ಷ ಕೆಳಗ ನಿಂದ್ರತಿದ್ದೆ. ಆಮ್ಯಾಲೆ ನಡುವ."

"ಸೆಂಟರ್!" ಎಂದರು ಇಂಜಿನಿಯರು.

"ದಿನಕ್ಕೆ ಎಷ್ಟು ಬಾಸ್ಕೆಟ್?"

"ಟೊಮೆಟೊ ಸೀಜನ್ನಾಗ ಐನೂರು ದಾಟತಿತ್ರಿ."

'ಟೊಮೆಟೊ ಸೀಜನ್' ಎಂಬುದು ಕರ್ನಾಟಕದ ಯಾವುದೋ ಪಂದ್ಯಾವಳಿ ಎಂದು ಸಿಎ ತಮ್ಮ ಮನಸ್ಸಿನಲ್ಲಿ ಬರೆದುಕೊಂಡರು.

"ಒಂದಾದರೂ ತಪ್ಪುತ್ತಿತ್ತೇ?"

"ಒಂದ್ ಬಿದ್ರ ಸೇಠ್ ಮುಖಾ ಮುರೀತಿದ್ದಾ" ಎಂದ ಚನ್ನವೀರ, ಹಳೆಯ ಸಿಟ್ಟು ನೆನಪಾಗಿ ಹಲ್ಲು ಕಡಿಯುತ್ತ. "ಏಳು ವರ್ಷದಾಗ ನನ್ನ ಕೈಯಿಂದ ಎರಡ ಬಿದ್ದಾವ. ಎರಡೂ ಸಲ ತಪ್ಪು ಬ್ಯಾರೇದವಂದು."

ಅವಧೂತರಾವ್ ಎದ್ದು ನಿಂತರು. ಗೋಡೆಯ ಐದು ಫಲಕಗಳನ್ನು ಒಮ್ಮೆ ನೋಡಿದರು, ಚನ್ನವೀರನನ್ನು ಒಮ್ಮೆ ನೋಡಿದರು. ಅವರ ಕಣ್ಣು ಒದ್ದೆಯಾದವು. "ದೇವರೇ, ಇಂಥ ಮನುಷ್ಯ ನಮ್ಮ ಗೇಟಿನಲ್ಲೇ ಕೂತು ಚಟ್ನಿ ಬಡಿಸುತ್ತಿದ್ದಾನೆ!"

ನಿರ್ಣಯ ಅಲ್ಲೇ ಆಯಿತು. ಚನ್ನವೀರ ತಂಡದ ಕೋಚ್. ಮೂರು ವಾರದಲ್ಲಿ ಪಂದ್ಯ. ಕಪ್ ಬಂದರೆ ಮಳಿಗೆ ಅವನದೇ, ಯಾರೂ ಕೇಳುವಂತಿಲ್ಲ. ಬರದಿದ್ದರೆ ಕಾಗದ ಕಾಗದವೇ. ಇಂಜಿನಿಯರು ಚೆಂಡು ಹಿಡಿದ ಹುಡುಗರ ಫೋಟೋ ತೋರಿಸಿದಾಗ ಚನ್ನವೀರನಿಗೆ ತಾನು ಎಲ್ಲಿ ಬಂದು ಬಿದ್ದಿದ್ದೇನೆಂದು ತಿಳಿಯಿತು. ಬಾಯಿ ತೆರೆದ. ಕೆಳಗಿನಿಂದ ಚಿಗವ್ವ ರೊಟ್ಟಿ ಬಡಿಯುವ ಸದ್ದು ಕೇಳಿತು. ಬಾಯಿ ಮುಚ್ಚಿದ.

"ಬಾಲ್ ಆಟಾ?" ಎಂದು ಚಿಗವ್ವ ಕೇಳಿದಳು. "ನೀ? ಕುರಿ ಬೆನ್ನತ್ತಿದ್ರ ಕುರಿ ನಿನ್ನ ಬೆನ್ನ ಹತ್ತತಿದ್ವು."

"ಚಿಗವ್ವಾ, ಸುಮ್ಮನ ಹಿಟ್ಟ ನಾದು. ಅದೂ ಬುಟ್ಟಿ, ಇದೂ ಬುಟ್ಟಿ."

ಸೊಸಾಯಟಿಯ ಹಿಂದಿನ ಅಂಗಳದಲ್ಲಿ ಒಂದೇ ಒಂದು ಕಂಬ, ಕಂಬಕ್ಕೆ ಒಂದು ರಿಂಗು. ಎರಡನೇ ಕಂಬ ನಿಲ್ಲಬೇಕಾದ ಜಾಗದಲ್ಲಿ ಸಿಎ ಅವರ ಕಾರು ನಿಲ್ಲುತ್ತಿತ್ತು. ತಂಡದಲ್ಲಿ ಐದು ಜನ, ಜೊತೆಗೆ ಬದಲಿಗೆಂದು ಇನ್ನೊಬ್ಬ ಹುಡುಗ. ಕ್ಯಾಪ್ಟನ್ ಸ್ವಪ್ನಿಲ್ ಮತ್ತು ಮತ್ತೆ ಮೂವರು ಪೇಠದಲ್ಲೇ ಹುಟ್ಟಿ ಪೇಠದಲ್ಲೇ ಬೆಳೆದ ಮರಾಠಿ ಹುಡುಗರು. ಐದನೆಯವನು ಅಮೋಘ, ಬೆಂಗಳೂರಿನ ಉದ್ದನೆಯ ಟೆಕ್ಕಿ, ಮೂರನೇ ಮಹಡಿಯಲ್ಲಿ ಬಾಡಿಗೆಗಿದ್ದ. ಮೊದಲ ದಿನ ಚನ್ನವೀರ ಅವನನ್ನು ಕಾರಿನ ಹಿಂದೆ ಎಳೆದುಕೊಂಡು ಹೋದ.

"ತಮ್ಮಾ, ನಮ್ಮವ ಅದೀ. ನಿಜಾ ಹೇಳ್ತೀನಿ, ಯಾರ ಮುಂದೂ ಬಾಯಿ ಬಿಡಬ್ಯಾಡ. ಈ ಆಟ ನಂಗ ಬರಂಗಿಲ್ಲ. ಡಿಫೆನ್ಸ್ ಅಂದ್ರ ಏನು?"

ಅಮೋಘ ಕಣ್ಣು ಪಿಳಿಪಿಳಿ ಮಾಡಿದ. "ಸೂಪರ್ ಗುರು. ನೋಡಿ, ಎರಡು ಥರ. ಮ್ಯಾನ್ ಟು ಮ್ಯಾನ್ ಅಂದ್ರೆ ಒಬ್ಬೊಬ್ರ ಹಿಂದೆ ಒಬ್ಬೊಬ್ರು ಓಡೋದು. ಝೋನ್ ಅಂದ್ರೆ ಆಳಿನ ಹಿಂದೆ ಓಡಲ್ಲ. ಎಲ್ರಿಗೂ ಒಂದೊಂದು ಜಾಗ ಕೊಟ್ಬಿಡೋದು. ಬಾಲ್ ನಿಮ್ಮ ಜಾಗಕ್ಕೆ ಬಂದ್ರೆ ಅದು ನಿಮ್ದು."

ಚನ್ನವೀರ ಅವನನ್ನು ದಿಟ್ಟಿಸಿ ನೋಡಿದ. ಏಳು ವರ್ಷ ಮಾಡಿದ್ದು ಇನ್ನೇನು? ಲಾರಿಯಿಂದ ಗೋದಾಮಿನವರೆಗೆ ಸಾಲಾಗಿ ನಿಲ್ಲುವುದು. ಬುಟ್ಟಿಯ ಹಿಂದೆ ಓಡಿದವನು ದಡ್ಡ, ಜಾಗ ಬಿಟ್ಟವನು ಅದಕ್ಕಿಂತ ದಡ್ಡ. "ಇಷ್ಟ ಏನು?" ಎಂದು ಅವನು ಕೂಗಿದ. "ಇದಕ್ಕ ಇಂಗ್ಲಿಷ್ ಯಾಕ ಬೇಕು?"

"ಇನ್ನೊಂದು. ರಿಂಗ್ ಹತ್ರ ಇರೋದು ಕೆಳಗೆ. ರಿಂಗಿಂದ ದೂರ, ಬಾಲ್ ಬರೋ ಕಡೆ ಹೋಗೋದು ಮೇಲೆ. ಟಾಪ್ ಅಂತಾರೆ."

"ಕೆಳಗ, ಮ್ಯಾಗ. ತಿಳೀತು. ಲಾರಿ ಮ್ಯಾಗ ನಿಂತಂಗ."

ಚನ್ನವೀರ ಒಳಗೆ ಓಡಿಹೋಗಿ ಜೋಳದ ಹಿಟ್ಟಿನ ಡಬ್ಬಿ ತಂದ. ಅಂಗಳದಲ್ಲಿ ಐದು ಬಿಳಿ ವೃತ್ತ ಹಾಕಿದ: ಮುಂದೆ ಎರಡು, ಹಿಂದೆ ಮೂರು. ಒಬ್ಬೊಬ್ಬನನ್ನು ತೋಳು ಹಿಡಿದು ಒಂದೊಂದರಲ್ಲಿ ನಿಲ್ಲಿಸಿದ. "ಜಾಗಾ ಬಿಟ್ಟವನ ಕಾಲಿಗೆ ಬರೆ ಹಾಕ್ತೀನಿ!" ಸ್ವಪ್ನಿಲ್ ಬೆರಗಾದ. ಹಿಂದಿನ ಕೋಚುಗಳು ಗಂಟೆಗಟ್ಟಲೆ ಬೋರ್ಡಿನ ಮೇಲೆ ಬಾಣ ಬರೆಯುತ್ತಿದ್ದರು. ಈತ ಹಿಟ್ಟಿನಲ್ಲಿ ಬರೆಯುತ್ತಾನೆ! ಎರಡನೇ ಮಹಡಿಯ ಗ್ಯಾಲರಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದ ಸಕ್ಕುಬಾಯಿ ಎಂಬ ಅಜ್ಜಿ, ಹೊಸ ಕೋಚ್ ಆಟಕ್ಕೆ ಮೊದಲು ಮಂತ್ರದ ರಂಗೋಲಿ ಹಾಕುತ್ತಾನೆಂದು ಸಂಜೆಯೊಳಗೆ ಅರ್ಧ ಪೇಠಕ್ಕೆ ತಿಳಿಸಿದಳು. ಹಿಟ್ಟು ಹಾಳಾಯಿತೆಂದು ಚಿಗವ್ವ ಉಳಿದರ್ಧಕ್ಕೆ ತಿಳಿಸಿದಳು.

ಈಗ ಒಂದು ಮಾತನ್ನು ಓದುಗರ ಕಿವಿಯಲ್ಲಿ ಹೇಳಬೇಕು. ಚನ್ನವೀರನಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು, ಗಿರಾಕಿಗಳೊಡನೆ ಅದೇ. ಆದರೆ ಸಿಟ್ಟು ಬಂದೊಡನೆ ಅವನ ಬಾಯಿಂದ ಮೊದಲು ಓಡಿಹೋಗುತ್ತಿದ್ದುದೂ ಮರಾಠಿಯೇ. ಒಳಗೆ ಉಳಿಯುತ್ತಿದ್ದುದು ಊರಿನ ಕನ್ನಡ. ಎದುರಿನಿಂದ ಬದಲಿ ಹುಡುಗ ಚೆಂಡು ಪುಟಿಸುತ್ತ ಬಂದ. ಐವರೂ ಕಂಬದಂತೆ ನಿಂತಿದ್ದರು. ಚನ್ನವೀರನ ನೆತ್ತಿಗೆ ರಕ್ತ ಏರಿತು.

"ಮ್ಯಾಗ! ಮ್ಯಾಗ! ಎಲ್ಲಾರೂ ಮ್ಯಾಗ!"

ಅವನ ಪ್ರಕಾರ ಅದು 'ಮೇಲೆ ಹೋಗಿ, ಚೆಂಡಿನ ಮೇಲೆ ಬೀಳಿ' ಎಂದು. ಆದರೆ ಮರಾಠಿಯಲ್ಲಿ 'ಮಾಗೆ' ಎಂದರೆ ಹಿಂದೆ. ನಾಲ್ವರು ಮರಾಠಿ ಹುಡುಗರು ಕೋಚ್ ಹೇಳಿದಂತೆಯೇ ಹಿಂದೆ ಹಿಂದೆ ಓಡಿ ರಿಂಗಿನ ಕೆಳಗೆ ನಾಲ್ಕು ಮೂಲೆಯಲ್ಲಿ ನಿಂತರು. ಕನ್ನಡ ತಿಳಿದ ಅಮೋಘನೊಬ್ಬನೇ ಮೇಲೆ ನುಗ್ಗಿ ಚೆಂಡು ಹಿಡಿದವನ ಮುಖದ ಮುಂದೆ ಕೈಯಾಡಿಸಿದ. ಗಾಬರಿಯಾದ ಹುಡುಗ ಚೆಂಡನ್ನು ಸಿಎ ಅವರ ಕಾರಿನ ಮೇಲೆ ಎಸೆದ.

ಚನ್ನವೀರ ಆ ನಾಲ್ವರನ್ನು ಹೊಡೆಯಲು ಅಂಗಿಯ ತೋಳು ಮಡಿಸಿದ. ಅಷ್ಟರಲ್ಲಿ ಮೇಲಿನ ಗ್ಯಾಲರಿಯಿಂದ ಅವಧೂತರಾವ್ ಅವರ ಚಪ್ಪಾಳೆ ಕೇಳಿತು.

"ಅರೇ ವ್ವಾ! ಒಂದು ಮುಂದೆ, ನಾಲ್ಕು ಹಿಂದೆ! ಇದೇನಿದು, ಕೋಚ್?"

ಚನ್ನವೀರ ಮಡಿಸಿದ ತೋಳನ್ನು ಮೆಲ್ಲಗೆ ಇಳಿಸಿದ. "ನಮ್ಮ ಕಡೆ ಪದ್ಧತಿರೀ" ಎಂದ. "ಒಂದು-ನಾಲ್ಕು."

ಅಂದಿನಿಂದ ಅದರ ಹೆಸರು ಒಂದು-ನಾಲ್ಕು. ಅಮೋಘನ ಜಾಗದವನು ಮೇಲೆ ಹೋಗುತ್ತಾನೆ, ಉಳಿದವರು ಹಿಂದೆ ಎಂದಷ್ಟೇ ಚನ್ನವೀರ ತಿಳಿದುಕೊಂಡ; ಯಾಕೆಂದು ಕೇಳಲಿಲ್ಲ.

ಎಂದಿನಂತೆ ತಂಡ ಫೈನಲ್ ತಲುಪಿತು; ಆ ಪಂದ್ಯದ ದಿನ ಬೆಳಿಗ್ಗೆ ಸಹಜೀವನದ ಸರ್ವರೂ ಮಗರಪಟ್ಟಾಕ್ಕೆ ಹೊರಟರು. ಸಕ್ಕುಬಾಯಿ ರಿಕ್ಷಾದಲ್ಲಿ ಮಡಿಚುವ ಕುರ್ಚಿ ಹಿಡಿದು ಹೊರಟಳು. ಚಿಗವ್ವ ಒಂದು ಗಂಟು ರೊಟ್ಟಿ ಕಟ್ಟಿಕೊಂಡು ಹೊರಟಳು. "ಸೋತ್ರ ಅಲ್ಲೇ ಮಾರಿ ಬರೂನು" ಎಂದಳು. ಟವರಿನವರ ಅಂಗಳಕ್ಕೆ ಎರಡೂ ಕಡೆ ಕಂಬ, ನೆಲಕ್ಕೆ ನೀಲಿ ಬಣ್ಣ, ಕೋಚಿಗೆ ಕೊರಳಲ್ಲಿ ಪೀಪಿ, ಕೈಯಲ್ಲಿ ಟ್ಯಾಬು. ಅವರ ತಂಡದಲ್ಲಿ ಪುನೀತ ಎಂಬ ಹುಬ್ಬಳ್ಳಿಯ ಹುಡುಗನಿದ್ದ. ದೂರದಲ್ಲಿ ನಿಂತು ಎಸೆದರೂ ಅವನ ಚೆಂಡು ರಿಂಗಿನ ಅಂಚು ಮುಟ್ಟದೆ ಒಳಗೆ ಬೀಳುತ್ತಿತ್ತು. ಕಳೆದ ಐದೂ ಕಪ್ ಅವನೊಬ್ಬನೇ ಗೆದ್ದು ಕೊಟ್ಟಿದ್ದನೆಂದರೆ ತಪ್ಪಿಲ್ಲ.

ಆಟ ಶುರುವಾಯಿತು. ಪುನೀತ ಚೆಂಡು ಹಿಡಿದ. ಚನ್ನವೀರ ಗೆರೆಯ ಹತ್ತಿರ ನಿಂತು ಕುತ್ತಿಗೆಯ ನರ ಉಬ್ಬಿಸಿದ.

"ಮ್ಯಾಗ!"

ನಾಲ್ವರು ಹಿಂದೆ, ಅಮೋಘ ಮೇಲೆ. ಪುನೀತನ ಮೂಗಿಗೆ ಅಮೋಘನ ಎದೆ ಬಡಿಯಿತು. ಅವನು ಒಳಗೆ ನುಗ್ಗಿದರೆ ಅಲ್ಲಿ ನಾಲ್ವರು, ಹೊರಗೆ ನಿಂತರೆ ಎರಡು ಉದ್ದನೆಯ ಕೈ.

"ಮ್ಯಾಗ!" ಮತ್ತೆ ಹಾಗೆಯೇ. "ಮ್ಯಾಗ!" ಮತ್ತೆ ಹಾಗೆಯೇ. ಹುಬ್ಬಳ್ಳಿಯ ಪುನೀತನಿಗೆ ಆ ಮಾತು ತಿಳಿಯುತ್ತಿತ್ತು. ಅದು ಕಿವಿಗೆ ಬಿದ್ದೊಡನೆ ಅವನು ಎಸೆಯುವುದನ್ನು ಬಿಟ್ಟು ಅಮೋಘ ಎತ್ತ ಕಡೆಯಿಂದ ಬರುತ್ತಾನೆಂದು ನೋಡತೊಡಗಿದ.

ಎದುರಿನ ಕೋಚ್ ಟ್ಯಾಬನ್ನು ತಿರುಗಿಸಿ ಮುರುಗಿಸಿ ನೋಡಿದ. ಆಮೇಲೆ ಕೈಯೆತ್ತಿ ತನ್ನ ಹುಡುಗರಿಗೆ ಅರಚಿದ: "ಬಾಕ್ಸ್ ಅಂಡ್ ವನ್! ಬಾಕ್ಸ್ ಅಂಡ್ ವನ್!"

ನಾಲ್ವರು ಚೌಕವಾಗಿ ಜಾಗ ಕಾಯುವುದು, ಒಬ್ಬ ಬಂದು ಅವರ ಜಾಣನನ್ನು ಬೆನ್ನಟ್ಟುವುದು. ಇದಕ್ಕೆ ಪುಸ್ತಕದಲ್ಲಿ ಅದೇ ಹೆಸರು. ಚನ್ನವೀರನಿಗೆ ಪುಸ್ತಕ ಗೊತ್ತಿಲ್ಲ, ಗಿರಾಕಿ ಗೊತ್ತು.

"ಈಗ ಪಾರ್ಸೆಲ್ ಇಲ್ಲರೀ!" ಎಂದು ಅವನು ತಿರುಗಿ ಕೂಗಿದ. "ಬಾಕ್ಸ್ ಒಂದ ಬೇಕಾದ್ರೂ ಆಟಾ ಮುಗೀಲಿ!"

"ಕೊಟ್ಟ ಬಿಡೋ ಪಾಪ, ಹಸದಾನ ಕಾಣಸ್ತದ" ಎಂದು ಚಿಗವ್ವ ಗಂಟು ಬಿಚ್ಚಿದಳು.

ವಿರಾಮದ ಹೊತ್ತಿಗೆ ಸಹಜೀವನ ಹನ್ನೊಂದು ಅಂಕ ಮುಂದಿತ್ತು. ಅವಧೂತರಾವ್ ಯಾರ್ಯಾರಿಗೋ ಫೋನು ಮಾಡಿ, "ನಮ್ಮ ಕೋಚ್ ಕರ್ನಾಟಕದವನು, ದಿನಕ್ಕೆ ಐನೂರು!" ಎನ್ನುತ್ತಿದ್ದರು. ಸಕ್ಕುಬಾಯಿ ಕುರ್ಚಿಯ ಮೇಲೆ ನಿಂತಿದ್ದಳು. ಎಂಬತ್ತೊಂದು ವರ್ಷದವಳು ಮಡಿಚುವ ಕುರ್ಚಿಯ ಮೇಲೆ ನಿಲ್ಲುವುದು ಹೇಗೆಂದು ಇಂಜಿನಿಯರಿಗೂ ಹೊಳೆಯಲಿಲ್ಲ.

ಆದರೆ ಟವರಿನವರೂ ಅನ್ನ ತಿನ್ನುವವರೇ. ಎರಡನೇ ಅರ್ಧದಲ್ಲಿ ಒಂದೊಂದೇ ಅಂಕ ಕಿತ್ತುಕೊಂಡು ಹತ್ತಿರ ಬಂದರು. ಹತ್ತು ಸೆಕೆಂಡು ಉಳಿದಾಗ ಸಹಜೀವನ ಮೂರೇ ಅಂಕ ಮುಂದಿತ್ತು. ಆಗ ಅಮೋಘ ಪುನೀತನ ಮೇಲೆ ಬಿದ್ದ. ಪೀಪಿ ಊದಿತು. ಅಮೋಘನದು ಐದನೇ ತಪ್ಪು, ಐದಾದರೆ ಹೊರಗೆ. ಪುನೀತ ಸಿಕ್ಕ ಎರಡೂ ಎಸೆತ ಹಾಕಿದ. ಮೂರರ ಅಂತರ ಒಂದಾಯಿತು. ಆಮೇಲೆ ಗಾಬರಿಬಿದ್ದ ಸ್ವಪ್ನಿಲ್ ಚೆಂಡನ್ನು ಗೆರೆಯಾಚೆಗೆ ಎಸೆದ. ಇನ್ನು ಎಂಟು ಸೆಕೆಂಡು. ಚೆಂಡು ಟವರಿನವರದು.

ಹೊರಬಿದ್ದ ಅಮೋಘ ಬೆವರು ಸುರಿಸುತ್ತ ಬೆಂಚಿನ ಮೇಲೆ ಕೂತಿದ್ದ. ಅವನ ಜಾಗಕ್ಕೆ ಬದಲಿ ಹುಡುಗ ಹೋಗಿದ್ದ, ಅವನೂ ಮರಾಠಿಯವನೇ.

"ಯಾಕಪಾ ಮುಖಾ ಹಿಂಗ್ ಮಾಡಿ?" ಎಂದ ಚನ್ನವೀರ. "ಅಂವ ಹೋಗ್ತಾನ ಮ್ಯಾಗ."

"ಇಲ್ಲ ಗುರು, ಅವ್ನು ಹೋಗಲ್ಲ! ಯಾರೂ ಹೋಗಲ್ಲ!"

"ಯಾಕ ಹೋಗೂದಿಲ್ಲ?"

"ಮಾಗೆ ಅಂದ್ರೆ ಮರಾಠೀಲಿ ಹಿಂದೆ ಅಲ್ವಾ! ನಾನೊಬ್ನೇ ಮೇಲೆ ಹೋಗ್ತಿದ್ದಿದ್ದು. ಒಂದೇ ಕೂಗಲ್ಲಿ ಎರಡು ಭಾಷೆ, ಎಂಥಾ ಪ್ಲಾನು ಅಂತ ನಾನು ಮೂರು ವಾರದಿಂದ ಆಫೀಸಲ್ಲೆಲ್ಲ ಹೇಳ್ಕೊಂಡು ಬಂದಿದೀನಿ."

ಮೂರು ವಾರದ ಕೂಗೆಲ್ಲ ಚನ್ನವೀರನ ಕಿವಿಗೆ ಒಟ್ಟಿಗೆ ಮರಾಠಿಯಲ್ಲಿ ಕೇಳಿಸಿತು. ಎದುರಿಗೆ ಎಂಟು ಸೆಕೆಂಡು, ಅದರಾಚೆ ಮಳಿಗೆ, ಮಳಿಗೆಯಲ್ಲಿ ಮೇಜು, ಮೂರು ಕುರ್ಚಿ ಮತ್ತು ಜಗಳ.

"ಪುಢೆ ಅಂತ ಹೇಳಿ" ಎಂದು ಅಮೋಘ ಅವನ ಅಂಗಿ ಜಗ್ಗಿದ. "ಪುಢೆ ಅಂದ್ರೆ ಮುಂದೆ. ಒಬ್ಬ ಬಂದು ಪುನೀತನ್ನ ಹಿಡೀಬೇಕು. ಪುಢೆ! ಅಷ್ಟೇ!"

"ಪುಢೆ" ಎಂದು ಚನ್ನವೀರ ಮೆಲ್ಲಗೆ ಹೇಳಿಕೊಂಡ. "ಪುಢೆ, ಪುಢೆ, ಪುಢೆ." ಗೊತ್ತಿರುವ ಮಾತೇ. ದಿನಕ್ಕೆ ನೂರು ಸಲ ಸಾಲಿನಲ್ಲಿ ನಿಂತ ಗಿರಾಕಿಗಳಿಗೆ ಹೇಳುತ್ತಿದ್ದ ಮಾತೇ. ಚೆಂಡು ಒಳಗೆ ಬಂತು. ಪುನೀತನ ಕೈ ಸೇರಿತು. ಪುನೀತ ಗೆರೆಯ ಹೊರಗೆ ಒಬ್ಬನೇ ನಿಂತಿದ್ದ. ಅವನ ಸುತ್ತ ಒಂದು ಲಾರಿ ತಿರುಗುವಷ್ಟು ಜಾಗ ಖಾಲಿಯಿತ್ತು. ಅದನ್ನು ನೋಡಿದ ಚನ್ನವೀರನಿಗೆ ಸಿಟ್ಟು ಬಂತು. ಸಿಟ್ಟು ಬಂದೊಡನೆ ಮರಾಠಿ ಹೋಯಿತು.

"ಮ್ಯಾಗ! ಮ್ಯಾಗ! ಮ್ಯಾಗ ಬೀಳ್ರೋ!"

ಐವರೂ ಹಿಂದೆ ಓಡಿದರು. ಇನ್ನೂ ಹಿಂದೆ ಜಾಗವಿಲ್ಲವೆಂದು ರಿಂಗಿನ ಕೆಳಗೆ ಒಬ್ಬರ ಬೆನ್ನಿಗೊಬ್ಬರು ಒತ್ತಿ ನಿಂತರು. ಅವಧೂತರಾವ್ ಕಣ್ಣು ಮುಚ್ಚಿಕೊಂಡರು. ಅಮೋಘ ಬೆಂಚಿನ ಕೆಳಗೆ ತಲೆ ಹಾಕಿದ.

ಪುನೀತನೂ ಆ ಕೂಗು ಕೇಳಿದ. ಹುಬ್ಬಳ್ಳಿಯ ಕಿವಿಗೆ 'ಮ್ಯಾಗ' ಎಂದರೆ ಮ್ಯಾಗವೇ. ಇಡೀ ಪಂದ್ಯ ಆ ಕೂಗಿನ ಬೆನ್ನಿಗೇ ಯಾರೋ ಒಬ್ಬ ಬಂದು ಅವನ ಮೇಲೆ ಬಿದ್ದಿದ್ದ. ಎಸೆಯಲು ಎತ್ತಿದ ಕೈಯನ್ನು ಅವನು ಥಟ್ಟನೆ ಇಳಿಸಿದ, ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಇಲ್ಲದವನಿಗೆ ಹೆದರಿ ಒಮ್ಮೆ ಬಗ್ಗಿದ. "ಎಲ್ಲಿ ಅದಾನಲೇ ಅಂವ?" ಎಂದು ಗಟ್ಟಿಯಾಗಿ ಕೇಳಿಯೂ ಬಿಟ್ಟ. ಕಾಣದವನಿಂದ ತಪ್ಪಿಸಿಕೊಳ್ಳಲು ಒಳಗೆ ನುಗ್ಗಿದ. ಒಳಗೆ ಐದು ಜನ ಗೋಡೆಯಂತೆ ನಿಂತಿದ್ದರು. ಚೆಂಡು ಸ್ವಪ್ನಿಲ್‌ನ ಹೊಟ್ಟೆಗೆ ಬಡಿದು, ಅಲ್ಲೇ ಹತ್ತು ಕೈಗಳ ನಡುವೆ ಸಿಕ್ಕಿಕೊಂಡಿತು, ಎಂಟು ಸೆಕೆಂಡು ಮುಗಿದವು. ಪೀಪಿ ಊದಿತು.

ಆಮೇಲೆ ಏನಾಯಿತೆಂದು ಕ್ರಮವಾಗಿ ಹೇಳುವುದು ಕಷ್ಟ. ಸಿಎ ಅತ್ತರು. ಇಂಜಿನಿಯರು ಚಿಗವ್ವನ ಕಾಲಿಗೆ ಬಿದ್ದರು. ಸಕ್ಕುಬಾಯಿಯನ್ನು ನಾಲ್ವರು ಸೇರಿ ಕುರ್ಚಿಯಿಂದ ಇಳಿಸಿದರು. ಎದುರಿನ ಕೋಚ್ ಟ್ಯಾಬನ್ನು ಕಂಕುಳಲ್ಲಿಟ್ಟುಕೊಂಡು ಬಂದು, "ಸರ್, ಕೊನೆಯದು ಯಾವ ಡಿಫೆನ್ಸ್?" ಎಂದು ಕೈ ಹಿಡಿದು ಕೇಳಿದ. ಚನ್ನವೀರ ಗಂಭೀರವಾಗಿ ಅವನ ಕೈಗೆ ಒಂದು ರೊಟ್ಟಿ ಬಾಕ್ಸ್ ಕೊಟ್ಟ.

ಪುನೀತ ಮಾತ್ರ ಹತ್ತಿರ ಬಂದು ಚನ್ನವೀರನ ಮುಖ ನೋಡಿ, "ಅಣ್ಣಾರ, ಅಂವ ಎಲ್ಲಿದ್ದಾರಿ?" ಎಂದ.

"ಯಾರು?"

"ಮ್ಯಾಗ ಬಂದಾಂವ."

"ನಿಮ್ಮ ಹಿಂದ ಇದ್ದಾರಿ" ಎಂದ ಚನ್ನವೀರ. ಪುನೀತ ಮತ್ತೊಮ್ಮೆ ಹಿಂದೆ ತಿರುಗಿ ನೋಡಿದ.

ಮಳಿಗೆ ಉಳಿಯಿತು. ನೋಟೀಸನ್ನು ಕಮಿಟಿಯವರೇ ಬಂದು ಹರಿದರು. ಅಷ್ಟಕ್ಕೆ ಬಿಟ್ಟಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಕಲಿತವರಿಗೆ ಸಂತೋಷವಾದರೆ ಸುಮ್ಮನಿರಲು ಬರುವುದಿಲ್ಲ. ಕಪ್ ತಂದುಕೊಟ್ಟ ಡಿಫೆನ್ಸ್ ಚಿರಕಾಲ ನೆನಪಿರಬೇಕೆಂದು ಅವಧೂತರಾವ್ ಸ್ವತಃ ಪೇಂಟರನ್ನು ಕರೆಸಿ, ಮಳಿಗೆಯ ನೆತ್ತಿಗೆ ದೊಡ್ಡ ಬೋರ್ಡು ಬರೆಸಿದರು. ಮೇಲೆ 'ಗರಮ್ ಭಾಕರಿ ಕೇಂದ್ರ', ಅಂದರೆ ಬಿಸಿ ರೊಟ್ಟಿಯ ಅಂಗಡಿ. ಅದರ ಕೆಳಗೆ, ಅದಕ್ಕಿಂತ ಎರಡು ಪಟ್ಟು ದೊಡ್ಡದಾಗಿ, ಕೆಂಪು ಬಣ್ಣದಲ್ಲಿ: '1 – 4'.

ಮರುದಿನ ಒಂದು ಗಂಟೆಗೆ ಕೋಚಿಂಗ್ ಕ್ಲಾಸ್ ಬಿಟ್ಟಿತು. ಹುಡುಗರು ಓಡಿ ಬಂದರು, ಬೋರ್ಡು ನೋಡಿದರು, ನಿಂತರು, ಹೋದರು. ಪೇಠದ ಅಂಗಡಿಕಾರರು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕಿ ಮಲಗುತ್ತಾರೆ. ಆ ಎರಡು ಅಂಕಿಯ ಅರ್ಥ ಅಲ್ಲಿ ಹಸುಳೆಗೂ ಗೊತ್ತು. 'ಬಂದ್' ಎಂದು ಬೇರೆ ಬರೆಯಬೇಕಾಗಿಲ್ಲ.

"ತೆರದದರೋ! ಬರ್ರೋ!" ಎಂದು ಚನ್ನವೀರ ಬೀದಿಗೆ ಬಂದು ಕೂಗಿದ. ಯಾರೂ ತಿರುಗಲಿಲ್ಲ. ಬೋರ್ಡು ಒಂದು ಹೇಳಿ ಮಾಲಕ ಇನ್ನೊಂದು ಹೇಳಿದರೆ, ಆ ಪೇಠದಲ್ಲಿ ನಂಬುವುದು ಬೋರ್ಡನ್ನು.

ಒಂದೂ ಹತ್ತಕ್ಕೆ ಸ್ವತಃ ಅವಧೂತರಾವ್ ಮೆಟ್ಟಿಲಿಳಿದು ಬಂದರು. ಮನೆಯಲ್ಲಿ ಹೆಂಡತಿ ಇರಲಿಲ್ಲ, ಹೊಟ್ಟೆ ಹಸಿದಿತ್ತು, ಕೈಯಲ್ಲಿ ಖಾಲಿ ಡಬ್ಬಿ ಇತ್ತು. ಮಳಿಗೆಯ ಮುಂದೆ ನಿಂತರು. ತಲೆಯೆತ್ತಿ ತಾವೇ ಬರೆಸಿದ ಬೋರ್ಡನ್ನು ಓದಿದರು. ಕೈಗಡಿಯಾರ ನೋಡಿಕೊಂಡರು. ನಿಟ್ಟುಸಿರು ಬಿಟ್ಟು ತಿರುಗಿದರು.

"ಸಾಹೇಬ್ರ! ತೆರದದರೀ! ಬಿಸಿ ರೊಟ್ಟಿ ಅದಾವರೀ!" ಚನ್ನವೀರ ಓಡಿಹೋಗಿ ಅವರ ಡಬ್ಬಿಗೆ ಕೈ ಹಾಕಿದ.

ಅವಧೂತರಾವ್ ಗಾಬರಿಯಿಂದ ತುಟಿಯ ಮೇಲೆ ಬೆರಳಿಟ್ಟರು.

"ಹಳೂ ಬೋಲಾ!" ಎಂದು ಪಿಸುಗುಟ್ಟಿದರು. "ಒಳಗೆ ಯಾರೋ ಮಲಗಿದ್ದಾರೆ."

ಚನ್ನವೀರ ತಿರುಗಿ ನೋಡಿದ. ಮೂವತ್ತು ವರ್ಷದಲ್ಲಿ ಒಂದು ಮಧ್ಯಾಹ್ನವೂ ನೆಲಕ್ಕೆ ಬೆನ್ನು ಹಚ್ಚದ ಶಿವಗಂಗವ್ವ, ಹಿಟ್ಟಿನ ಚೀಲಕ್ಕೆ ತಲೆ ಕೊಟ್ಟು ಗೊರಕೆ ಹೊಡೆಯುತ್ತಿದ್ದಳು.